ಎರಡನೇ ಪಾಳಿಯ ತಿಂಡಿ

ಮೇಷ್ಟ್ರ ಮನೆಯಲ್ಲಿ ಬೆಳಗಿನ ತಿಂಡಿ ಎರಡು ಪಾಳಿಯಲ್ಲಿ ನಡೆಯುತ್ತಿತ್ತು. ಮೊದಲ ಪಾಳಿಯಲ್ಲಿ ಮೇಷ್ಟ್ರು, ಅವರ ವಯಸ್ಸಾದ ತಾಯಿ, ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ. ಮೇಷ್ಟ್ರ ಹೆಂಡತಿ ಬಡಿಸುತ್ತಾ ಒಲೆಯ ಹತ್ತಿರವೇ ನಿಂತು ತಿಂದುಬಿಡುತ್ತಿದ್ದರು. ಎರಡನೇ ಪಾಳಿಯಲ್ಲಿ ಸೊಸೆ ಒಬ್ಬಳೇ. ಅವಳಿಗೆ ಥೈರಾಯ್ಡ್ ಕಾಯಿಲೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಿ, ಒಂದು ಗಂಟೆ ಕಾಫಿಯನ್ನೂ ಮುಟ್ಟುವ ಹಾಗಿಲ್ಲ. ಆ ಹೊತ್ತಿನಲ್ಲಿ ಅವಳು ಪಾತ್ರೆ ತೊಳೆದು, ಬಟ್ಟೆ ಹರವಿ, ಅಜ್ಜಿಯ ಹಾಸಿಗೆ ಸುತ್ತಿಟ್ಟು ಬರುತ್ತಿದ್ದಳು. ತಟ್ಟೆ ಹಾಕಿಕೊಂಡು ಕೂರುವಾಗ ಉಳಿದವರು ಕೈ ತೊಳೆಯುತ್ತಿದ್ದರು.

"ಸೈರನ್ ಆಯ್ತಾ? ಎರಡನೇ ಪಾಳಿ ಶುರುವಾ?" ಎಂದು ಮೇಷ್ಟ್ರು ದಿನಾ ಕೇಳುತ್ತಿದ್ದರು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. "ಕ್ಲಚ್! ಕ್ಲಚ್!" ಎಂದು ಅವರು ಕೂಗುವುದು ಬೀದಿಯ ಆ ತುದಿಗೂ ಕೇಳುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಕ್ಲಚ್ ಮೇಷ್ಟ್ರೇ ಆಗಿದ್ದರು. ಮನೆಯಲ್ಲೂ ಅವರ ತಮಾಷೆಗೆ ಗಾಡಿಯದ್ದೇ ಭಾಷೆ. ಸೊಸೆ ಮದುವೆಯಾಗಿ ಬಂದಾಗ ಕಡ್ಡಿಯ ಹಾಗಿದ್ದವಳು ಎರಡು ವರ್ಷದಲ್ಲಿ ಊದಿಕೊಂಡಿದ್ದಳು. ಅವಳು ಎರಡನೇ ಸಲ ಅನ್ನ ಹಾಕಿಕೊಳ್ಳಲು ಕೈ ಚಾಚಿದರೆ, "ಲೋಡ್ ಜಾಸ್ತಿ ಆಯ್ತು ಕಣಮ್ಮ, ಟೈರ್ ನೋಡ್ಕೋ" ಅನ್ನುತ್ತಿದ್ದರು. ಮಗ ನಗುತ್ತಿದ್ದ. ಸೊಸೆಯೂ ನಗುತ್ತಿದ್ದಳು. ನಗುತ್ತಲೇ ಸೌಟನ್ನು ಪಾತ್ರೆಗೆ ಇಳಿಸುತ್ತಿದ್ದಳು.

"ದಿನವೆಲ್ಲಾ ಲಾಂಡ್ರಿಯಲ್ಲಿ ನಿಂತು ಇಸ್ತ್ರಿ ಮಾಡೋ ಹುಡುಗಿ. ತಿನ್ನಲಿ ಬಿಡ್ರೀ" ಎಂದು ಒಮ್ಮೆ ಹೆಂಡತಿ ಅಂದಿದ್ದರು.

"ನಾನು ಬೇಡ ಅಂದ್ನಾ? ತೂಕ ಹಾಕಿದೆ ಅಷ್ಟೇ" ಎಂದಿದ್ದರು ಮೇಷ್ಟ್ರು.

ಹೀಗಿರುವಾಗ ಮೇಷ್ಟ್ರ ಗಂಟಲು ಬಿದ್ದುಹೋಯಿತು. ಕ್ಲಚ್ ಎಂದು ಕೂಗಿದರೆ ಒಡಕು ಕೊಳಲಿನ ಹಾಗೆ ಗಾಳಿ ಬರುತ್ತಿತ್ತು. ಮುಖ ದಪ್ಪಗಾಯಿತು. ಸೆಕೆಯಲ್ಲೂ ಸ್ವೆಟರ್ ಬೇಕೆನಿಸತೊಡಗಿತು. ಒಂದು ದಿನ ಕಲಿಯಲು ಬಂದಿದ್ದ ಹೆಂಗಸೊಬ್ಬಳು ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, "ಮೇಷ್ಟ್ರೇ, ನೀವು ಗೊರಕೆ ಹೊಡೀತಿದ್ರಿ, ನನಗೆ ಭಯ ಆಯ್ತು" ಎಂದಳು. ಸ್ಕೂಲಿನ ಮಾಲೀಕ ಕರೆದು, "ಮೊದಲು ಡಾಕ್ಟರಿಗೆ ತೋರಿಸಿ, ಆಮೇಲೆ ಗಾಡಿ ಹತ್ತಿ" ಎಂದ.

ಮೇಷ್ಟ್ರು ಪರಿಚಯದವರು ಯಾರೂ ಹೋಗದ ದೂರದ ಆಸ್ಪತ್ರೆಯೊಂದಕ್ಕೆ ಹೋದರು. ರಕ್ತ ಪರೀಕ್ಷೆ ನೋಡಿದ ಡಾಕ್ಟರು, "ನಿಮಗೆ ಥೈರಾಯ್ಡ್ ಕಡಿಮೆಯಾಗಿದೆ" ಎಂದರು.

"ಅದು ಹೆಂಗಸರ ಕಾಯಿಲೆ ಅಲ್ವಾ ಡಾಕ್ಟ್ರೇ?"

"ಹೆಂಗಸರಿಗೆ ಜಾಸ್ತಿ ಬರುತ್ತೆ. ಗಂಡಸರಿಗೆ ಬರಲ್ಲ ಅಂತ ಯಾರು ಹೇಳಿದ್ದು? ದಿನಾ ಒಂದು ಮಾತ್ರೆ. ಮಾತ್ರೆ ಮುಗಿಯೋ ಹೊತ್ತಿಗೆ ಮತ್ತೆ ರಕ್ತ ಪರೀಕ್ಷೆಗೆ ಬನ್ನಿ, ಡೋಸ್ ನೋಡಬೇಕು. ಮಾತ್ರೆ ಹೇಗೆ ತಗೋಬೇಕು ಅಂತ ನರ್ಸ್ ಹೇಳ್ತಾರೆ, ಕೇಳಿಕೊಂಡು ಹೋಗಿ."

ಮೇಷ್ಟ್ರು ನರ್ಸನ್ನು ಕೇಳದೆ ಮೆಟ್ಟಿಲಿಳಿದು ಬಂದರು. ಮಾತ್ರೆಯನ್ನು ಕಾರಿನ ಸೀಟಿನ ಕೆಳಗೆ ಬಚ್ಚಿಟ್ಟು, ದಿನಾ ಬೆಳಿಗ್ಗೆ ಅಂಗಡಿಯ ಬಿಸಿ ಕಾಫಿಯ ಜೊತೆಗೆ ನುಂಗಿದರು. ಮನೆಯಲ್ಲಿ ಸೊಸೆ ಕಾಫಿಯ ವಾಸನೆ ಬಂದರೂ ಅತ್ತ ತಿರುಗದೆ ಒಂದು ಗಂಟೆ ಕಾಯುವುದನ್ನು ಅವರು ದಿನಾ ನೋಡುತ್ತಿದ್ದರು. ಅದು ತಮ್ಮ ಮಾತ್ರೆಗೂ ಸಲ್ಲುವ ನಿಯಮ ಎಂದು ಮಾತ್ರ ಹೊಳೆಯಲಿಲ್ಲ. ಅದು ಅವಳ ವೈಯಾರ ಎಂದೇ ಅವರ ಎಣಿಕೆ. ಹೀಗಾಗಿ ಮಾತ್ರೆ ತಿಂದರೂ ಗುಣ ಕಾಣಲಿಲ್ಲ. ನೋಡನೋಡುತ್ತ ಮಾತ್ರೆ ಮುಗಿದೂಹೋಯಿತು.

ಮತ್ತೆ ಆ ದೂರದ ಆಸ್ಪತ್ರೆಗೆ ಹೋಗಿ ಸೂಜಿಗೆ ಕೈಯೊಡ್ಡಲು ಬೇಸರ. ಒಂದು ಸಂಜೆ ಬೀದಿ ಮೂಲೆಯ ಔಷಧಿ ಅಂಗಡಿಗೇ ಹೋದರು. ಅಂಗಡಿಯವನು ಅವರ ಕೈಯಲ್ಲಿ ಕಾರು ಕಲಿತವನು.

"ಏನು ಮೇಷ್ಟ್ರೇ, ಏನು ಕೊಡ್ಲಿ?"

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು ನಿಂತಳು. "ಸೊಸೆಗೆ ಥೈರಾಯ್ಡ್ ಮಾತ್ರೆನಾ? ಪಾಪ, ನಿಮಗೆ ಎಷ್ಟು ತಾಪತ್ರಯ" ಎಂದಳು.

"ಛೆ, ಇಲ್ಲಮ್ಮ. ಕೆಮ್ಮಿನ ಸಿರಪ್ ಕೊಡಪ್ಪ" ಎಂದರು ಮೇಷ್ಟ್ರು.

ಮರುದಿನ ಎಲ್ಲರಿಗಿಂತ ಮೊದಲು ಎದ್ದು ಅಡುಗೆಮನೆಗೆ ಹೋದರು. ಸಕ್ಕರೆ ಡಬ್ಬದ ಪಕ್ಕ ಸೊಸೆಯ ಮಾತ್ರೆಯ ಬಾಟಲಿ ಇತ್ತು. ತುಂಬಾ ಮಾತ್ರೆಗಳಿದ್ದವು. ಒಂದು ತೆಗೆದರೆ ಏನು ತಿಳಿಯುತ್ತೆ? ಆ ದಿನ ಒಂದೇ ಎಂದುಕೊಂಡರು. ಮಾರನೆಯ ದಿನವೂ ಒಂದೇ ಎಂದುಕೊಂಡರು.

ಬಾಟಲಿ ತಿಂಗಳು ಮುಗಿಯುವ ಮೊದಲೇ ಬರಿದಾಯಿತು. ಸೊಸೆ ಅದನ್ನು ಅಲ್ಲಾಡಿಸುತ್ತಾ ಅತ್ತೆಯ ಮುಂದೆ ನಿಂತಳು.

"ಇಷ್ಟು ಬೇಗ ಹೇಗೆ ಖಾಲಿ ಆಯ್ತು ಅತ್ತೆ? ನಾನೇನಾದ್ರೂ ಒಂದೇ ದಿನ ಎರಡೆರಡು ನುಂಗ್ತಾ ಇದೀನಾ?"

"ಎಲ್ಲೋ ಚೆಲ್ಲಿರ್ತೀಯ. ಗ್ಯಾನ ಎಲ್ಲಿರುತ್ತೆ ನಿಂಗೆ? ಮೊನ್ನೆ ಬೇಳೆಗೆ ಉಪ್ಪೇ ಹಾಕಿರ್ಲಿಲ್ಲ."

ಮೇಷ್ಟ್ರು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತಿದ್ದರು. ಪುಟ ತಿರುಗಿಸಿದರು.

ಮಗ ಏಳು ಖಾನೆಯ ಪ್ಲಾಸ್ಟಿಕ್ ಡಬ್ಬಿ ತಂದ. ಒಂದೊಂದು ಖಾನೆಗೆ ಒಂದೊಂದು ದಿನದ ಹೆಸರು. ಬಾಟಲಿಯನ್ನು ತನ್ನ ಕಪಾಟಿನಲ್ಲಿಟ್ಟುಕೊಂಡು, ಪ್ರತಿ ಭಾನುವಾರ ತಾನೇ ಡಬ್ಬಿ ತುಂಬಿ ಅಡುಗೆಮನೆಯಲ್ಲಿ ಇಡುತ್ತಿದ್ದ. "ಇನ್ನು ಗೊಂದಲ ಇಲ್ಲ. ಖಾನೆ ಖಾಲಿ ಇದ್ರೆ ತಗೊಂಡಿದ್ದೀಯ ಅಂತ ಅರ್ಥ" ಎಂದ.

ಕೆಲವು ದಿನ ಮೇಷ್ಟ್ರು ಆ ಕಡೆ ಹಾಯಲಿಲ್ಲ. ಆದರೆ ಒಂದು ಮಧ್ಯಾಹ್ನ ಕಲಿಯುವವನು ತಪ್ಪು ತಿರುವು ತೆಗೆದುಕೊಂಡಾಗ ಅವರ ಕಾಲು ತಮ್ಮ ಬದಿಯ ಬ್ರೇಕಿಗೆ ಹೋಗುವುದು ತಡವಾಯಿತು. ಕಾರು ಹಣ್ಣಿನ ಗಾಡಿಯೊಂದರ ಚಕ್ರಕ್ಕೆ ತಗುಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮಾರನೆಯ ಬೆಳಿಗ್ಗೆ ಅವರು ಡಬ್ಬಿಯ ಕೊನೆಯ ಖಾನೆ ತೆರೆದರು. ಕೊನೆಯದಲ್ಲವೇ, ಖಾಲಿ ಕಂಡರೆ ಅವಳೇ ತುಂಬಿಕೊಳ್ಳುತ್ತಾಳೆ ಎಂದು ಸಮಾಧಾನ ಮಾಡಿಕೊಂಡರು. ಅವಳು ತುಂಬಿಕೊಳ್ಳಲಿಲ್ಲ. ಗಂಡ ಹೇಳಿದ ಮಾತನ್ನೇ ನಂಬಿದ್ದಳು. ಖಾಲಿ ಖಾನೆ ಕಂಡ ದಿನ, ತಾನು ಆಗಲೇ ನುಂಗಿ ಮರೆತಿದ್ದೇನೆಂದು ಸುಮ್ಮನಾದಳು. ಮುಂದಿನ ವಾರಗಳಲ್ಲಿ ಅಂಥ ದಿನಗಳು ಹೆಚ್ಚಾದವು.

ಅವಳ ರಕ್ತ ಪರೀಕ್ಷೆಯ ಫಲಿತಾಂಶ ಮೊದಲಿಗಿಂತ ಕೆಟ್ಟದಾಗಿ ಬಂತು. ಮಾತ್ರೆ ಸರಿಯಾಗಿ ತಿನ್ನುತ್ತಿದ್ದಾಳೆ ಎಂದು ಎಲ್ಲರೂ ನಂಬಿದ್ದರಿಂದ ತಪ್ಪೆಲ್ಲ ಊಟದ ತಲೆಗೆ ಬಂತು. ಪಕ್ಕದ ಮನೆಯಾಕೆ ಎಲೆಕೋಸು ವಿಷ ಎಂದಳು. ಸೊಸೆಯ ತಟ್ಟೆಯಿಂದ ಎಲೆಕೋಸು ಹೋಯಿತು, ಅದರ ಹಿಂದೆ ಹೂಕೋಸು, ಮೂಲಂಗಿ. ಬ್ರೆಡ್ ಬೇಡ ಎಂದು ಮಗ ಫೋನಿನಲ್ಲಿ ಓದಿ ಹೇಳಿದ. ಮೊಟ್ಟೆ ಉಷ್ಣ ಎಂದರು ಅಜ್ಜಿ.

"ನನ್ನ ಹತ್ರ ಕಲಿಯೋನೊಬ್ಬ ಹೇಳ್ತಿದ್ದ, ಹಾಲು ಮೊಸರು ಪೂರ್ತಿ ಬಿಡಬೇಕಂತೆ" ಎಂದರು ಮೇಷ್ಟ್ರು. ಅದು ನಿಜವಾಗಿ ಅವರೇ ಕಾಫಿ ಅಂಗಡಿಯಲ್ಲಿ ಕೂತು, ಪಕ್ಕದವರ ಮಾತಿಗೆ ಕಿವಿಗೊಟ್ಟು ತಂದ ಸುದ್ದಿ.

ಸೊಸೆ ಎಲ್ಲವನ್ನೂ ಬಿಟ್ಟಳು. ಬೇಯಿಸಿದ ಸೋರೆಕಾಯಿ, ಒಂದು ಹಿಡಿ ಅನ್ನ. ಮೇಷ್ಟ್ರೂ ಕದ್ದುಮುಚ್ಚಿ ಪಥ್ಯ ಹಿಡಿದಿದ್ದರು. ತಟ್ಟೆಗೆ ಬಿದ್ದ ಹೂಕೋಸನ್ನು ಅಂಚಿಗೆ ಸರಿಸಿದರೆ ಹೆಂಡತಿ ಹುಬ್ಬು ಗಂಟಿಕ್ಕುತ್ತಿದ್ದರು.

"ನಿಮಗೇನು ಬಂತು? ನಿನ್ನೆ ಮೊನ್ನೆ ತಂಕ ಕೇಳಿ ಹಾಕಿಸ್ಕೊಳ್ತಿದ್ರಿ."

"ಗ್ಯಾಸು ಕಣೆ."

"ಮಾವನಿಗೆ ಬೇರೆ ಏನಾದ್ರೂ ಮಾಡ್ಲಾ ಅತ್ತೆ?" ಎಂದು ಸೊಸೆ ಎದ್ದಳು. ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಒಂದು ಗಳಿಗೆ ನಿಂತಳು. ಕಣ್ಣು ಕತ್ತಲಿಟ್ಟಿತ್ತು. ಮೇಷ್ಟ್ರು ತಟ್ಟೆ ನೋಡುತ್ತಿದ್ದರು.

ಆ ವಾರವೇ ಲಾಂಡ್ರಿಯಿಂದ ಫೋನು ಬಂತು. ಅವಳು ಕೆಲಸ ಮಾಡುತ್ತಲೇ ತಲೆ ತಿರುಗಿ ವಾಲಿದ್ದಳು. ಕಾದ ಇಸ್ತ್ರಿಪೆಟ್ಟಿಗೆ ಮುಂಗೈಗೆ ತಗುಲಿತ್ತು. ಮಗ ಡಿಪೋದಲ್ಲಿದ್ದ. ಮೇಷ್ಟ್ರೇ ಹೆಂಡತಿಯನ್ನು ಕೂರಿಸಿಕೊಂಡು, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಅವಳು ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು, ಅತ್ತೆಯ ಭುಜಕ್ಕೆ ಒರಗಿದ್ದಳು. ನೋವಿಗೆ ಒಂದು ಸಲವೂ ಹಾ ಎನ್ನಲಿಲ್ಲ. ಅದೇ ಮೇಷ್ಟ್ರಿಗೆ ಸಹಿಸಲಾಗಲಿಲ್ಲ.

ಡಾಕ್ಟರಮ್ಮ ಕೈಗೆ ಔಷಧಿ ಹಚ್ಚಿ ಕೇಳಿದರು, "ಏನು ಊಟ ಮಾಡ್ತೀಯಮ್ಮ?"

ಅವಳು ಹೇಳಿದಳು. ಹೇಳಿ ಮುಗಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಷ್ಟೇನಾ? ಇದನ್ನೆಲ್ಲ ಬಿಡು ಅಂತ ಯಾರು ಹೇಳಿದ್ದು?"

ಅತ್ತೆ ಸೆರಗಿನ ತುದಿ ತಿರುಚಿದರು. ಬಾಗಿಲ ಹತ್ತಿರ ನಿಂತಿದ್ದ ಮೇಷ್ಟ್ರು ಗೋಡೆಯ ಗಡಿಯಾರ ನೋಡಿದರು.

"ನೋಡಿ, ಸರಿಯಾಗಿ ಕೇಳಿಸ್ಕೊಳ್ಳಿ" ಎಂದರು ಡಾಕ್ಟರಮ್ಮ. "ಕೋಸು ಗೀಸು ಬೇಯಿಸಿ ಎಲ್ಲರ ಹಾಗೆ ತಿಂದ್ರೆ ಏನೂ ಆಗಲ್ಲ. ಮೊಟ್ಟೆ, ಮೀನು, ಬೇಳೆ, ಹಾಲು, ಸೊಪ್ಪು, ಹಣ್ಣು, ಎಲ್ಲಾ ಬೇಕು. ಊಟ ಬಿಟ್ರೆ ಈ ಕಾಯಿಲೆ ಹೋಗಲ್ಲ, ಶಕ್ತಿ ಹೋಗುತ್ತೆ. ಮಾತ್ರೆ ಮಾತ್ರ ಖಾಲಿ ಹೊಟ್ಟೇಲಿ, ಬರೀ ನೀರಲ್ಲಿ. ಕಾಫಿ ಜೊತೆ ತಗೊಂಡ್ರೆ ಅರ್ಧ ಮೈಗೆ ಹತ್ತೋದೇ ಇಲ್ಲ. ನೀನು ಹಾಗೆ ಮಾಡ್ತಿಲ್ಲ ತಾನೆ?"

"ಇಲ್ಲ ಮೇಡಂ. ಒಂದು ಗಂಟೆ ಕಾಯ್ತೀನಿ."

"ದಿನಾ ತಪ್ಪದೆ ತಗೊಳ್ತೀಯಾ?"

ಸೊಸೆ ಅತ್ತೆಯ ಕಡೆ ಒಮ್ಮೆ ನೋಡಿದಳು. "ತಗೊಳ್ತೀನಿ ಅನ್ಸುತ್ತೆ. ಡಬ್ಬಿ ಖಾಲಿ ಇರುತ್ತೆ. ಆದ್ರೆ ನುಂಗಿದ್ದು ನೆನಪೇ ಇರಲ್ಲ. ನಂಗೆ ತಲೆ ಕೆಡ್ತಾ ಇದೆಯೇನೋ ಮೇಡಂ. ನಮ್ಮಮ್ಮನ ತಾಯಿಗೆ ಹಾಗೇ ಆಗಿತ್ತು, ಕೊನೇಲಿ ಮಕ್ಕಳ ಗುರುತೂ ಸಿಗ್ತಿರ್ಲಿಲ್ಲ."

ಅದುವರೆಗೆ ಮೇಷ್ಟ್ರು ತಾವು ಕದ್ದದ್ದು ಬರೀ ಮಾತ್ರೆ ಎಂದುಕೊಂಡಿದ್ದರು. ಈಗ ಅವರ ಕಿವಿ ಬಿಸಿಯಾಯಿತು. ಹೇಳಬೇಕೆಂದು ಬಾಯಿ ತೆರೆದರು.

"ಗಾಡಿ ಗೇಟಿಗೆ ಅಡ್ಡ ನಿಲ್ಸಿದ್ದೀನಿ. ಸರಿಸಿ ಬರ್ತೀನಿ" ಎಂದು ಹೊರಗೆ ಹೋದರು. ಕಾರು ಯಾವ ಗೇಟಿಗೂ ಅಡ್ಡವಿರಲಿಲ್ಲ. ಅದರೊಳಗೆ ಕೂತು, ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು, ಅತ್ತೆ ಸೊಸೆ ಬರುವವರೆಗೂ ಅಲ್ಲೇ ಇದ್ದರು.

ಆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಸೊಸೆಯ ಕೈಗೆ ಪಟ್ಟಿ ಕಟ್ಟಿದ್ದರಿಂದ ಅತ್ತೆ ಅವಳ ತಟ್ಟೆಗೆ ಮೊಟ್ಟೆ ಬಿಡಿಸಿ ಹಾಕಿದರು.

"ನಾನೊಂದು ಮಾತು ಹೇಳ್ತೀನಿ" ಎಂದರು ಹೆಂಡತಿ. "ಇವಳು ಕೆಲಸ ಬಿಡ್ಲಿ. ಇವತ್ತು ಕೈ ಸುಟ್ಟುಕೊಂಡ್ಳು. ನಾಳೆ ಪೆಟ್ಟಿಗೆ ಆರಿಸೋದು ಮರೆತು ಅಂಗಡೀನೇ ಸುಟ್ರೆ ಯಾರು ಜವಾಬ್ದಾರಿ?"

"ನಾನೂ ಅದೇ ಯೋಚಿಸ್ತಿದ್ದೆ" ಎಂದ ಮಗ.

ಸೊಸೆ ತಟ್ಟೆಯನ್ನೇ ನೋಡುತ್ತಿದ್ದಳು. ಮದುವೆಗೆ ಮುಂಚಿನಿಂದಲೂ ಅವಳು ಮಾಡಿಕೊಂಡು ಬಂದ ಕೆಲಸ ಅದು. ಅಂಗಿಯ ಕಾಲರನ್ನು ಅವಳ ಹಾಗೆ ಇಸ್ತ್ರಿ ಮಾಡುವವರಿಲ್ಲ ಎಂದು ಹೆಸರಿತ್ತು. "ಬಿಡ್ತೀನಿ. ನಂಗೇ ನನ್ನ ಮೇಲೆ ನಂಬಿಕೆ ಇಲ್ಲ" ಎಂದಳು.

"ಅವಳು ಏನೂ ಮರೆತಿಲ್ಲ" ಎಂದರು ಮೇಷ್ಟ್ರು.

ಎಲ್ಲರೂ ಅವರ ಕಡೆ ನೋಡಿದರು.

"ಡಬ್ಬಿಯಿಂದ ಮಾತ್ರೆ ತೆಗೆದದ್ದು ನಾನು. ನಂಗೂ ಅದೇ ಕಾಯಿಲೆ."

ಕಿವಿ ಮಂದವಾಗಿದ್ದ ಅಜ್ಜಿ ಸೊಸೆಯ ಮೊಣಕೈ ತಟ್ಟಿದರು. "ಏನಂತೆ? ಏನಂದ ಅವನು?" ಆಮೇಲೆ ಮೇಷ್ಟ್ರ ಕಡೆಗೇ ತಿರುಗಿದರು. "ಜೋರಾಗಿ ಹೇಳೋ. ಊರಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ, ಈಗ ಏನು ಪಿಸಪಿಸ?"

ಮೇಷ್ಟ್ರು ಇದ್ದಬದ್ದ ಗಂಟಲೆಲ್ಲ ಹಾಕಿ ಕೂಗಬೇಕಾಯಿತು. "ಇವಳ ಮಾತ್ರೆ ಕದ್ದೆ ಅಂದೆ ಅಮ್ಮ! ದಿನಾ ಕದ್ದು ತಿಂತಿದ್ದೆ!"

ಪಕ್ಕದ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಎಷ್ಟು ದಿನದಿಂದ?" ಎಂದ ಮಗ.

"ಎರಡು ತಿಂಗಳ ಮೇಲಾಯ್ತು."

"ಕೇಳಿದ್ರೆ ಕೊಡ್ತಿರ್ಲಿಲ್ವಾ? ಅಂಗಡೀಲಿ ಸಿಗ್ತಿರ್ಲಿಲ್ವಾ?"

"ನಾಚಿಕೆ ಆಯ್ತು."

"ನಾಚಿಕೆ!" ಮಗ ಎದ್ದು ನಿಂತ. ಹುಟ್ಟಿದಾಗಿನಿಂದ ಅಪ್ಪನನ್ನು ಬಹುವಚನದಲ್ಲೇ ಮಾತಾಡಿಸಿದ್ದವನು, ಆವತ್ತು, "ನೀನು ಮನುಷ್ಯನೇನೋ? ಅವಳು ಕಣ್ಣೆದುರೇ ಕರಗ್ತಿದ್ರೆ ಕೂತು ಉಣ್ತಿದ್ಯಲ್ಲೋ" ಎಂದ.

"ಬೇಡ, ಅವರು ನಿಮ್ಮಪ್ಪ" ಎಂದಳು ಸೊಸೆ. ಆಮೇಲೆ ಮೇಷ್ಟ್ರ ಕಡೆ ತಿರುಗಿದಳು. ಅವಳು ಕೂಗಾಡಲಿಲ್ಲ. "ಗ್ಯಾಸ್ ಆರಿಸಿದ್ದೀನಾ, ಬಾಗಿಲು ಹಾಕಿದ್ದೀನಾ ಅಂತ ಎದ್ದೆದ್ದು ನೋಡ್ತಿದ್ದೆ ಮಾವ. ನೋಡಿದ್ದೂ ಮರೆತೆನೇನೋ ಅಂತ ಮತ್ತೆ ಎದ್ದು ನೋಡ್ತಿದ್ದೆ. ಮಗು ಆದ್ರೆ ಅದನ್ನೂ ಎಲ್ಲಾದ್ರೂ ಬಿಟ್ಟು ಬರ್ತೀನೇನೋ ಅಂತ, ಈಗ ಮಗು ಬೇಡ ಅಂದಿದ್ದೆ ಇವರಿಗೆ."

"ತಪ್ಪಾಯ್ತಮ್ಮ" ಎಂದರು ಮೇಷ್ಟ್ರು. ಅವಳು ತಲೆಯಾಡಿಸಲಿಲ್ಲ. ಎಡಗೈಯಿಂದ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಊಟ ಮುಗಿಸಿದಳು.

ಮರುದಿನ ಮೇಷ್ಟ್ರು ಹೋಗಿ ಡ್ರೈವಿಂಗ್ ಸ್ಕೂಲಿನ ಮಾಲೀಕನಿಗೂ ನಿಜ ಹೇಳಿದರು. ಪರೀಕ್ಷೆ ಸರಿ ಬರುವವರೆಗೆ ಅವನು ಅವರನ್ನು ಕಾರಿನಿಂದ ಇಳಿಸಿ, ಆಫೀಸಿನ ಒಳಗೆ ರಸ್ತೆಯ ಗುರುತುಗಳನ್ನು ಕಲಿಸಲು ಕೂರಿಸಿದ. ಪಕ್ಕದ ಮನೆಯಾಕೆ ವಿಷಯವನ್ನು ಬೀದಿಗೆಲ್ಲ ಮುಟ್ಟಿಸಿದ್ದಳು. ಔಷಧಿ ಅಂಗಡಿಯವನು ಕೇಳುವ ಮೊದಲೇ ಬಾಟಲಿ ತೆಗೆದಿಟ್ಟು, ಮುಖ ನೋಡದೆ ಚಿಲ್ಲರೆ ಕೊಟ್ಟ.

ಮನೆಯಲ್ಲಿ ಹೆಂಡತಿ ಅವರನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ನಾನೇನು ಕಡಿಮೆ ಅಂದಿದ್ದೀನಾ ಅವಳಿಗೆ? ಗ್ಯಾನ ಇಲ್ಲ, ಗ್ಯಾನ ಇಲ್ಲ ಅಂತ ಚುಚ್ಚಿದವಳು ನಾನೇ" ಎಂದು ಕಣ್ಣೊರೆಸಿಕೊಂಡರು. ಆಮೇಲೆ ಸೊಸೆ ಕೂತು ತಿನ್ನುವವರೆಗೆ ಒಲೆ ಬಿಟ್ಟು ಬಂದು ಅವಳ ಪಕ್ಕ ಕೂರತೊಡಗಿದರು. ಸೊಸೆ ಅತ್ತೆಯೊಡನೆ ಮಾತಾಡುತ್ತಿದ್ದಳು. ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಮೇಷ್ಟ್ರು ಬಂದರೆ ಮಾತು ನಿಲ್ಲುತ್ತಿರಲಿಲ್ಲ, ಸಣ್ಣದಾಗುತ್ತಿತ್ತು.

ಕೈಯ ಗಾಯ ಒಣಗುತ್ತಲೇ ಅವಳು ಮತ್ತೆ ಕೆಲಸಕ್ಕೆ ಹೋದಳು. ಅದಾಗಿ ಕೆಲವು ವಾರಕ್ಕೆ ಮಗ, ಡಿಪೋದ ಹತ್ತಿರ ಎರಡು ಕೋಣೆಯ ಮನೆ ನೋಡಿದ್ದೇನೆ ಎಂದ. ಯಾರೂ ಯಾಕೆ ಎಂದು ಕೇಳಲಿಲ್ಲ. ಸಾಮಾನು ಸಾಗಿಸುವ ದಿನ ಮೇಷ್ಟ್ರು ಕೆಳಗೂ ಮೇಲೂ ಓಡಾಡಿ ಹಾಸಿಗೆ, ಬಕೆಟ್ಟು, ಪಾತ್ರೆಯ ಮೂಟೆ ಹೊತ್ತು ಗಾಡಿಗೆ ಹಾಕಿದರು. ಸೊಸೆಯ ಕೈಚೀಲವೊಂದು ಮೆಟ್ಟಿಲ ಮೇಲಿತ್ತು. ಅವರು ಅದನ್ನು ಎತ್ತಿಕೊಳ್ಳಲು ಬಾಗಿದರು.

"ಅದು ಇರ್ಲಿ ಮಾವ, ನಾನು ತಗೊಳ್ತೀನಿ" ಎಂದಳು ಅವಳು. ಅದರಲ್ಲಿ ಅವಳ ಔಷಧಿ ಇತ್ತು. ಮೇಷ್ಟ್ರು ಕೈ ಹಿಂದೆ ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪ್ಯಾಂಟಿಗೆ ಒರೆಸಿಕೊಂಡರು.

ಮಗ ಸೊಸೆ ಹೋದ ಮೇಲೆ ಮನೆಯಲ್ಲಿ ಮೂರೇ ತಟ್ಟೆ. ಮೇಷ್ಟ್ರು ಬರೀ ನೀರಿನಲ್ಲಿ ಮಾತ್ರೆ ನುಂಗಿ, ಕಿಟಕಿಯ ಹತ್ತಿರ ಒಂದು ಗಂಟೆ ಕಾಯುವುದನ್ನು ಕಲಿತರು. ಹಸಿವಿಗೆ ಹೊಟ್ಟೆ ಚುರುಗುಟ್ಟುವಾಗ, ಇದೇ ಹೊತ್ತಿನಲ್ಲಿ ಅವಳು ಮನೆ ಮಂದಿಯ ಎಂಜಲು ಪಾತ್ರೆ ತೊಳೆಯುತ್ತಿದ್ದುದು ಕಣ್ಣಿಗೆ ಕಟ್ಟುತ್ತಿತ್ತು. ಅವರ ಗಂಟಲು ನಿಧಾನವಾಗಿ ಬಿಟ್ಟುಕೊಂಡಿತು. ಆದರೂ ಮೆಲ್ಲಗೇ ಮಾತಾಡುತ್ತಿದ್ದರು. ಅಜ್ಜಿಗೆ ಅದೊಂದು ದೊಡ್ಡ ದೂರು.

ಸೊಸೆ ವಾರಕ್ಕೊಮ್ಮೆ ಅತ್ತೆಗೆ ಫೋನು ಮಾಡುತ್ತಿದ್ದಳು. ಒಂದು ಭಾನುವಾರ ಫೋನು ಬಂದಾಗ ಹೆಂಡತಿಯ ಕೈ ಸೋಪಿನ ನೊರೆಯಲ್ಲಿತ್ತು.

"ಎತ್ರೀ, ನಿಂತೇಹೋಗುತ್ತೆ!" ಎಂದರು ಬಚ್ಚಲಿನಿಂದ.

ಮೇಷ್ಟ್ರು ಎತ್ತಿದರು. "ಹಲೋ."

ಆ ಕಡೆ ಸೊಸೆ, "ಮಾವನಾ? ಅತ್ತೆ ಇಲ್ವಾ?"

"ಬಟ್ಟೆ ಒಗೀತಿದ್ದಾಳೆ. ಕರೀತೀನಿ, ಇರಮ್ಮ."

"ಪರವಾಗಿಲ್ಲ, ಒಗೀಲಿ" ಎಂದಳು. "ರಕ್ತ ಪರೀಕ್ಷೆ ಮಾಡಿಸಿದ್ರಾ?"

"ಹೂಂ. ಸರಿಗೆ ಬರ್ತಾ ಇದೆ ಅಂದ್ರು."

"ಒಳ್ಳೇದಾಯ್ತು." ಮೌನವನ್ನು ದಾಟಿಸಲು ಯಾರಾದರೂ ಯಾರಿಗಾದರೂ ಕೇಳುವ ಪ್ರಶ್ನೆಯನ್ನೇ ಅವಳೂ ಕೇಳಿದಳು. "ಊಟ ಆಯ್ತಾ ಮಾವ?"

ಮೇಷ್ಟ್ರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು. ಒಂದೇ ಸೂರಿನ ಕೆಳಗೆ ಇದ್ದಷ್ಟು ಕಾಲವೂ ತಾವು ಅವಳಿಗೆ ಈ ಮಾತನ್ನು ಕೇಳಿರಲಿಲ್ಲ. ಅವಳ ತಟ್ಟೆಯ ಬಗ್ಗೆ ಎಷ್ಟೆಲ್ಲ ಮಾತಾಡಿದ್ದರೂ ಇದೊಂದನ್ನು ಕೇಳಿರಲಿಲ್ಲ.

"ಆಯ್ತು" ಎಂದರು. "ನಿಂದಾಯ್ತೇನಮ್ಮ?"

ಅವಳ ಹಿಂದೆ ಎಲ್ಲೋ ಮಗ ನಲ್ಲಿ ನಿಲ್ಲಿಸಿದ್ದು ಕೇಳಿಸಿತು.

"ಆಯ್ತು ಮಾವ. ಹೊಟ್ಟೆ ತುಂಬ ಉಂಡೆ" ಎಂದಳು. "ಇಡ್ತೀನಿ."

ಫೋನು ನಿಂತ ಮೇಲೂ ಮೇಷ್ಟ್ರು ಅದನ್ನು ಕಿವಿಯಿಂದ ತೆಗೆಯಲಿಲ್ಲ. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು, "ಏನಂದ್ಳು?" ಎಂದರು.

"ಊಟ ಆಯ್ತಂತೆ" ಎಂದು ಅವರು ಗೋಡೆಯ ಕಡೆ ತಿರುಗಿಕೊಂಡರು.